ದಕ್ಷಿಣದ ಗೋಡೆ ಒಡೆದ ಸುದ್ದಿ

ಲಿಯೂಥಾನ್ ಪಟ್ಟಣ,
ಗುವಾಂಗ್ಶು ದೊರೆಗಳ ಮೂವತ್ತೆರಡನೆಯ ವರ್ಷ, ಎಂಟನೆಯ ತಿಂಗಳು

ವೆನ್‌ಹಾನ್ ಅವರಿಗೆ, ನಿಮ್ಮ ಸೂಯಿಂಗ್ ಮಾಡುವ ವಂದನೆಗಳು.

ನಾವಿಲ್ಲಿ ಕ್ಷೇಮ. ನೀವೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಾದರೂ ಏನಿದೆ?

ಗುರು ಕನ್‌ಫ್ಯೂಷಿಯಸ್ಸರ ಗುಡಿಯ ದಕ್ಷಿಣದ ಗೋಡೆಯನ್ನು ಮೊನ್ನೆ ಒಡೆದರು. ಹೌದು, ಅದೇ ಗೋಡೆ. ಈ ಊರಿನವನೊಬ್ಬ ರಾಜಧಾನಿಯ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗನಾಗುವವರೆಗೆ ಅದರಲ್ಲಿ ಬಾಗಿಲು ತೆರೆಯಬಾರದೆಂದು ಹಿರಿಯರು ಬಿಟ್ಟಿದ್ದ ಗೋಡೆ. ಅದರ ಹಿಂದೆ ಅರ್ಧಚಂದ್ರದ ಕೊಳ, ಕೊಳದ ಮೇಲೆ ಕಲ್ಲಿನ ಸೇತುವೆ, ಅಂಗಳ, ಕೊನೆಗೆ ಗುರುಗಳ ಹೆಸರಿನ ಫಲಕವಿರುವ ದೊಡ್ಡ ಮಂಟಪ, ಎಲ್ಲವೂ ಒಂದೇ ನೇರದಲ್ಲಿವೆ. ಮನುಷ್ಯರು ಮಾತ್ರ ಪಕ್ಕದ ಬಾಗಿಲಿನಿಂದ ಸುತ್ತಿಕೊಂಡು ಹೋಗಬೇಕಿತ್ತು. ಪರೀಕ್ಷೆಗೆ ಹೊರಟ ದಿನ ನೀವು ಆ ಗೋಡೆಗೆ ಕೈಯಿಟ್ಟು, "ಇದನ್ನ ಒಡೆಸಿಯೇ ಊರೊಳಗೆ ಕಾಲಿಡ್ತೀನಿ" ಅಂದಿರಿ. ಊರೆಲ್ಲ ಕೇಳಿಸಿಕೊಂಡಿತು. ಮೆಲ್ಲಗೆ ಹೇಳಿದ್ದರೆ ನನ್ನ ಬದುಕು ಸುಲಭವಾಗುತ್ತಿತ್ತು.

ಈಗ ಒಡೆದದ್ದು ಯಾರಿಗಾಗಿ ಗೊತ್ತೇ? ಬೆಂಚುಗಳಿಗಾಗಿ. ಹೋದ ವರ್ಷ ಸರ್ಕಾರ ಆ ಪರೀಕ್ಷೆಗಳನ್ನೇ ನಿಲ್ಲಿಸಿತಲ್ಲ, ಅಂಗಳದ ಎರಡು ಬದಿಯ ಸಾಲುಕೋಣೆಗಳಲ್ಲಿ ಹೊಸ ಶಾಲೆ ತೆರೆಯುತ್ತಿದ್ದಾರೆ. ಬೆಂಚು ಹೇರಿದ ಗಾಡಿ ಪಕ್ಕದ ಬಾಗಿಲಲ್ಲಿ ಹಿಡಿಸಲಿಲ್ಲ. ಹಿರಿಯರು ಮಧ್ಯಾಹ್ನದವರೆಗೆ ಜಗಳವಾಡಿದರು. "ಮೊದಲಿಗ ಬರ್ಲಿ ಅಂತ ಕಾಯ್ತಾ ಕೂತ್ರೆ ಬೆಂಚು ಗೆದ್ದಲು ತಿನ್ನುತ್ತೆ" ಎಂದ ಗಾಡಿಯವನು. "ಪರೀಕ್ಷೆನೇ ಇಲ್ಲ, ಇನ್ಯಾವ ಮೊದಲಿಗನಯ್ಯಾ" ಎನ್ನುತ್ತ ಗುಡಿ ಕಾಯುವ ಮುದುಕ ಪಿಕಾಸಿ ತಂದುಕೊಟ್ಟ. ಹಾಗೆ ಆ ಗೋಡೆಯೊಳಗಿಂದ ಮೊದಲು ಹೋದದ್ದು ಗಾಡಿಯ ಎರಡು ಕೋಣಗಳು. ಜನ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕದ ಹಾಕಿಕೊಂಡು ಅತ್ತುಬಿಟ್ಟೆ.

ಇನ್ನೊಂದು ಮಾತು. ನಿಮ್ಮ ಅಣ್ಣ ನಿಮ್ಮ ಹೆಸರು ಕೆತ್ತಿಸಿದ ಫಲಕ ತಂದಿದ್ದಾರೆ. "ಇಷ್ಟು ವರ್ಷ ಸುದ್ದಿಯಿಲ್ಲ ಅಂದ್ರೆ ಇನ್ನೇನಮ್ಮಾ ಅರ್ಥ? ಅವನಿಗೂ ಒಂದು ಧೂಪ ಬೇಡ್ವಾ?" ಎನ್ನುತ್ತಾರೆ. ಚಳಿಗಾಲದ ಪೂಜೆಯ ದಿನ ಅದನ್ನು ಸತ್ತ ಹಿರಿಯರ ಸಾಲಿನಲ್ಲಿ, ಮಾವನವರ ಪಕ್ಕ ಇಡುತ್ತಾರಂತೆ. ಅಷ್ಟರೊಳಗೆ ನೀವು ಬರಬೇಕು. ಬದುಕಿರುವ ಗಂಡನ ಹೆಸರಿಗೆ ನಾನು ಧೂಪ ಹಚ್ಚಲಾರೆ.

ಸೋತು ಬಂದನೆಂದು ಜನ ಆಡಿಕೊಂಡಾರೆಂಬ ಅಂಜಿಕೆಯೇ? ಆಡಿಕೊಳ್ಳಲಿ. ನಾಲ್ಕು ದಿನ ಕಳೆದರೆ ಅವರ ಬಾಯಿಗೆ ಬೇರೊಬ್ಬರು ಸಿಗುತ್ತಾರೆ. ಮಗಳು ಆಶ್ಯೂ, "ಅಪ್ಪ ಎತ್ತರಾನಾ ಗಿಡ್ಡಾನಾ?" ಎಂದು ಕೇಳುತ್ತಾಳೆ. ನಿಮ್ಮ ಪದವಿ ನನಗೆ ಎಂದೂ ಬೇಕಾಗಿರಲಿಲ್ಲ. ನೀವು ಬೇಕಾಗಿದ್ದಿರಿ, ಈಗಲೂ ಬೇಕು.

ನಿಮ್ಮ ದಾರಿ ಕಾಯುತ್ತಿರುವ
ಸೂಯಿಂಗ್

ಕಾಗದ ಮಡಿಚುವ ಮುನ್ನ ಇನ್ನೊಂದು: ನಿಮ್ಮನ್ನು ಕಂಡೆನೆಂದು ದೋಣಿಯವನೊಬ್ಬ ಗುಟ್ಟಾಗಿ ಹೇಳಿದ್ದ; ವಸಂತದಲ್ಲಿ ತವರಿಗೆ ಹೋಗುತ್ತೇನೆಂದು ಹೇಳಿ ದೋಣಿ ಹತ್ತಿದವಳು ನೀವಿರುವ ಊರಿಗೇ ಬಂದಿದ್ದೆ. ನಿಮ್ಮ ಅಣ್ಣನಿಗೆ ಹೇಳಿಲ್ಲ. ಹೇಳಿದರೆ ನಿಮ್ಮನ್ನು ಎಳೆದು ತರುತ್ತಾರೆ, ನೀವಾಗಿಯೇ ಬರಬೇಕು. ಸಂತೆಬೀದಿಯಲ್ಲಿ ಕೂತು ಯಾವನೋ ಕೂಲಿಯವನಿಗಾಗಿ ಅವನ ಹೆಂಡತಿಗೆ ಕಾಗದ ಬರೆಯುತ್ತಿದ್ದಿರಿ. ತಲೆ ನರೆತಿದೆ. ಬರೆದು ಮುಗಿಸಿ ಅವನಿಗೆ ಓದಿ ಹೇಳಿದಿರಿ: "ಬೇಗ ಬರ್ತೀನಿ, ಕಾಯ್ತಿರು." ನನಗೇ ಹೇಳಿದಿರೆಂದುಕೊಂಡು, ಮಾತಾಡಿಸದೆ ಮರಳಿದೆ.