ಲಾರಿ ಇಲ್ಲದ ದಾರಿ

ನವೆಂಬರ್ 28, 2009

ಬೆಳಿಗ್ಗೆಯಿಂದ ಪಂಕ್ಚರೇ. ಎಂಟನೇ ಕ್ಲಾಸಿನ ಹುಡುಗಿಯರಿಗೆ ಸರ್ಕಾರ ಕೊಟ್ಟ ಸೈಕಲ್ಲು ಒಂದಾದ ಮೇಲೊಂದು ಬಂದವು. ಎಲ್ಲದರದ್ದೂ ಹಿಂದಿನ ಚಕ್ರ. ಕ್ಯಾರಿಯರ್ ಮೇಲೆ ಇಬ್ಬಿಬ್ಬರನ್ನು ಕೂರಿಸಿಕೊಂಡರೆ ಇನ್ನೇನಾಗುತ್ತೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ನನಗೆ ಸಿಗಲಿಲ್ಲ. ನನ್ನದು ಅಪ್ಪನ ಸೈಕಲ್ ಅಂಗಡಿಯ ಗುಜರಿಯಲ್ಲಿ ಹುಟ್ಟಿದ್ದು — ಒಂದರ ಫ್ರೇಮು, ಇನ್ನೊಂದರ ಹ್ಯಾಂಡಲ್ಲು. ಓಡುತ್ತೆ.

ಮಧ್ಯಾಹ್ನ ಮೈಸೂರಿನ ಸುಧಾಕರ್ ಸಾರ್ ಬಂದರು. ಪೇಟೆ ಜನರನ್ನು ಸೈಕಲ್ ಮೇಲೆ ದೂರದೂರ ಕರೆದುಕೊಂಡು ಹೋಗುವುದು ಅವರ ಕೆಲಸ. ಒಂದು ಬುಕ್ ತೋರಿಸಿದರು. ಯಾವುದೋ ದ್ವೀಪ. ಬೆಂಕಿಬೆಟ್ಟ ಉಗುಳಿದ್ದು ಹೆಪ್ಪುಗಟ್ಟಿ ನೆಲವೆಲ್ಲ ಕರ್ರಗೆ. ನಡುವೆ ಸಣ್ಣ ರೋಡು. ಒಂದೇ ಒಂದು ಸೈಕಲ್ಲು. ಮುಂದಿನ ಹಾಳೆಯಲ್ಲಿ ಅದೇ ರೋಡು ಮಳೆಕಾಡಿನ ಒಳಗೆ.

"ಇಂಥದ್ದೇ ಟ್ರಿಪ್ಪು ಇಲ್ಲೂ ಮಾಡಬೇಕು. ಕರಿಕಲ್ಲು ಚಾಮರಾಜನಗರದಲ್ಲೇ ಇದೆ. ಮಳೆಕಾಡಿಗೆ ವಯನಾಡು. ಚಾಮರಾಜನಗರದಿಂದ ನಿಮ್ಮ ತೆರಕಣಾಂಬಿವರೆಗೆ ಲಾರಿ ಇಲ್ಲದ ದಾರಿ ಬೇಕು ಮಾದಣ್ಣ."

"ನಮ್ಮ ಮೀನಾನ ಕೇಳಿ ಸಾ. ಪಾರ್ಟು ತತ್ತಾ ಅಂತ ಕಳ್ಸುದ್ರೆ ಊರೂರು ಸುತ್ಕಂಡು ಬತ್ತಳೆ," ಅಂದ ಅಪ್ಪ.

ಟಯರ್ ರಾಶಿಯ ಹಿಂದೆ ಕೂತಿದ್ದೆ. ಏಳಲಿಲ್ಲ. ಕಾಲು ಮಾತ್ರ ಸುಮ್ಮನಿರಲಿಲ್ಲ.

ನವೆಂಬರ್ 30

ಚಾಮರಾಜನಗರಕ್ಕೆ ಹೋಗಿ ಬಂದೆ. ಕ್ವಾರಿ ಪಕ್ಕ ಇಳಿದೆ. ಬೇಡವಾದ ಕರಿಕಲ್ಲು ಮನೆ ಮನೆ ಎತ್ತರ ರಾಶಿ ಬಿದ್ದಿದೆ. ಇದೂ ಒಂದು ಕಾಲಕ್ಕೆ ಭೂಮಿಯ ಬಿರುಕಿನಲ್ಲಿ ಬೆಂಕಿಯಾಗಿ ಉಕ್ಕಿದ್ದಂತೆ, ಮೊನ್ನೆ ಸಾರ್ ಹೇಳಿದ್ದರು. ಮುಟ್ಟಿದೆ. ತಣ್ಣಗಿತ್ತು. ಎಮ್ಮೆಯ ಮೂಗಿನ ಹಾಗೆ.

ಉಡಿಗಾಲ ದಾಟಿ ದೊಡ್ಡ ರಸ್ತೆ ಬಿಟ್ಟೆ. ಒಳದಾರಿ. ಹೊಸ ಟಾರು. ಒಂದು ಟ್ರ್ಯಾಕ್ಟರ್ ಬಿಟ್ಟರೆ ಏನೂ ಸಿಗಲಿಲ್ಲ. ನನ್ನ ಚೈನಿನ ಸದ್ದು ನನಗೇ ಕೇಳಿ ನಾಚಿಕೆಯಾಯಿತು — ಕಟಕಟ. ನಾಳೆ ಎಣ್ಣೆ ಬಿಡಬೇಕು.

ಇದೇ ದಾರಿ. ಹೇಳುವುದು ಹೇಗೆ? ಅಪ್ಪನ ಕೈಲೇ ಹೇಳಿಸಬೇಕು.

ಡಿಸೆಂಬರ್ 5

ಅಪ್ಪ ಹೇಳಿದ್ದಕ್ಕೆ ದಾರಿ ನೋಡಲು ಸಾರ್ ನನ್ನ ಹಿಂದೆ ಹಿಂದೆ ಬಂದರು. ನಾನು ಮುಂದೆ. ಮಾತಾಡುವ ಹಾಗೇ ಇಲ್ಲ, ಎಷ್ಟು ಚೆನ್ನ! ತಿರುವಿನಲ್ಲಿ ಕೈ ತೋರಿಸಿದರೆ ಸಾಕು.

ಅಂಗಡಿಗೆ ಬಂದು ಅಪ್ಪನಿಗೆ ಹೇಳಿದರು: ಇಪ್ಪತ್ತನೇ ತಾರೀಕು ಭಾನುವಾರ ಹದಿನೈದು ಜನ ಬರುತ್ತಾರೆ. ಮೀನಾ ದಾರಿ ತೋರಿಸಲಿ. ಸರಿಯಾಗಿ ಆದರೆ ಮಾರನೇ ದಿನ ಗುಂಡ್ಲುಪೇಟೆ, ಕಾಡು ಶುರುವಾಗುವ ಮದ್ದೂರು ಗೇಟು, ಸುಲ್ತಾನ್ ಬತ್ತೇರಿ, ಅದರಾಚೆ ಮಳೆಕಾಡಿಗೂ ಬರಲಿ. ಆಮೇಲೆ ಪ್ರತಿ ಟ್ರಿಪ್ಪಿಗೂ ಅವಳೇ ಮುಂದೆ.

ರಾತ್ರಿ ಅವ್ವ ಒಲೆ ಮುಂದಿನಿಂದಲೇ ಕೂಗಿತು: "ಹೆಣ್ ಮಗ ಕಾಡಿಗೋಗಿ ಏನ್ ಕಡ್ದಾಕ್ಬೇಕು?"

"ಅನು ಅಂತ ಒಬ್ರು ಮೇಡಂ ಬತ್ತರಂತೆ ಕಣೆ. ಅವ್ರ ಜೊತೆಲಿರ್ತಳೆ."

"ಇಸ್ಕೂಲ್ಗೆ ಓಗು ಅಂದ್ರೆ ಓಗ್ನಿಲ್ಲ. ಈಗ ಕೇರಳುಕ್ಕೆ ಓಯ್ತಳಂತೆ!"

ಬೇಡ ಅನ್ನಲಿಲ್ಲ. ಅನ್ನಲಿಲ್ಲ!

ಗುಂಡ್ಲುಪೇಟೆಯಿಂದ ಆಚೆಗೆ ಸೈಕಲ್ಲಲ್ಲಿ ಹೋಗಿಲ್ಲ. ಕಾಡು ಬಸ್ಸಿನ ಕಿಟಕಿಯಲ್ಲಿ ನೋಡಿದ್ದು ಒಂದೇ ಸಲ. ಅದೂ ಅರ್ಧ ನಿದ್ದೆ.

ಡಿಸೆಂಬರ್ 17

ಮನಸ್ಸು ತಡೆಯದೆ ಇನ್ನೊಂದು ಸಲ ನೋಡಿ ಬರೋಣ ಅಂತ ಹೋದೆ. ಒಳ್ಳೆಯದೇ ಆಯಿತು. ಇಳಿಜಾರು ಮುಗಿಯುವ ಕಡೆ ಒಂದು ಪುಟ್ಟ ಊರಿದೆಯಲ್ಲ, ಅಲ್ಲಿ ರೋಡೇ ಕಾಣುವುದಿಲ್ಲ. ಈ ಕಡೆಯಿಂದ ಆ ಕಡೆಗೆ ಹುರುಳಿ ಹರಡಿದ್ದಾರೆ. ಟ್ರ್ಯಾಕ್ಟರ್ ಮೇಲೆ ಹಾಯ್ದು ಕಾಳು ಉದುರಲಿ ಅಂತ. ದೊಡ್ಡ ರಸ್ತೆಯಲ್ಲಾದರೆ ಬಯ್ಯುತ್ತಾರೆ. ಇಲ್ಲಿ ಬಯ್ಯೋರು ಯಾರು? ಗಾಡಿ ಬಾರದ ದಾರಿ ಅಂತಲೇ ನಾನು ಆರಿಸಿದ್ದು. ಅವರು ಆರಿಸಿದ್ದೂ ಅದಕ್ಕೇ.

ಸಣ್ಣತಾಯಮ್ಮ ಅಂತ ಒಂದು ಅಜ್ಜಿ ಪೊರಕೆ ಹಿಡಿದು ನಡುರೋಡಲ್ಲಿ ಕೂತಿತ್ತು. ಎರಡು ಸಲ ಅದರ ಮುಂದೆ ಹೋದೆ, ಬಂದೆ. ಮೂರನೇ ಸಲ ನಿಂತೆ.

"ಭಾನ್ವಾರ ಸೈಕಲ್ ಬತ್ತವೆ ಅಜ್ಜಿ..."

"ಏನು? ಗಟ್ಟಿಯಾಗಿ ಮಾತಾಡಮ್ಮಿ. ಬಾಯೂ ಪಂಕ್ಚರಾ?"

"ಸೈಕಲ್. ಮೈಸೂರಿಂದ."

"ಬರ್ಲಿ. ಉಳ್ಳಿ ಮೇಲೇ ಬರ್ಲಿ. ಕಾಳುದ್ರುದ್ರೆ ಅವ್ರಿಗೂ ಪುಣ್ಯ."

"ತೆಳ್ಳನೆ ಚಕ್ರ ಕಣಜ್ಜಿ. ಜಾರ್ತವೆ. ಅವ್ರು... ನಮ್ಮನೆ ನೆಂಟ್ರು."

ಯಾಕೆ ಹಾಗಂದೆನೋ. ಬೇರೆ ಮಾತು ಸಿಗಲಿಲ್ಲ. ಅಜ್ಜಿಯ ಮುಖವೇ ಬದಲಾಯಿತು.

"ಮೊದ್ಲೇ ಅನ್ಬಾರ್ದಾ? ನೆಂಟ್ರು ಅಂದ್ಮೇಲೆ ಬುಡು. ಶನಿವಾರ ಎಲ್ಲ ಬಾಚ್ಕಂಡು ರೋಡ ಕಣದಂಗೆ ಮಾಡ್ಬುಡ್ತೀವಿ."

ಖುಷಿಯಲ್ಲಿ ಹಾರಿಕೊಂಡು ಬಂದೆ.

ಡಿಸೆಂಬರ್ 19, ಸಂಜೆ

ಕೂರಲಾಗುತ್ತಿಲ್ಲ. ಬ್ರೇಕ್ ಬಿಗಿ ಮಾಡಿದೆ, ಸಡಿಲ ಮಾಡಿದೆ, ಮತ್ತೆ ಬಿಗಿ. "ಅದ ಇನ್ನೊಂದ್ಸಾರಿ ಮುಟ್ಟುದ್ರೆ ನಿನ್ನ ಬಾಡಿಗೆ ಸೈಕಲ್ಲಲ್ಲಿ ಕಳುಸ್ತೀನಿ" ಅಂದ ಅಪ್ಪ.

ಅವ್ವ ರೊಟ್ಟಿ ಬಡಿಯುತ್ತಿದೆ. ಬೇಡ ಅಂದರೂ.

ಡಿಸೆಂಬರ್ 20

ಬರೆಯಲು ಮನಸ್ಸಿಲ್ಲ.

ಡಿಸೆಂಬರ್ 22

ಬರೆಯದೆ ಇದ್ದರೆ ತಲೆಯೊಳಗೇ ಸುತ್ತುತ್ತೆ. ಬರೆದುಬಿಡುತ್ತೇನೆ.

ಎಲ್ಲ ಚೆನ್ನಾಗಿತ್ತು. ಕ್ವಾರಿ ಹತ್ತಿರ ಫೋಟೊ ತೆಗೆದರು. ಒಳದಾರಿಗೆ ಬಂದೆವು. ಅನು ಮೇಡಂ ಪಕ್ಕಕ್ಕೆ ಬಂದು "ಎಂಥಾ ದಾರಿ ಹುಡುಕಿದ್ದೀಯೇ!" ಅಂದರು. ನಗುವುದಷ್ಟೇ ಆಯಿತು. ಇಳಿಜಾರು. ಎಲ್ಲರೂ ಬ್ರೇಕ್ ಕೈಬಿಟ್ಟು ಇಳಿದರು.

ಹುರುಳಿ ಒಂದು ಕಡ್ಡಿಯೂ ಇರಲಿಲ್ಲ. ಊರಿನ ಈ ತುದಿಯಿಂದ ಆ ತುದಿಯವರೆಗೆ ಟಾರನ್ನು ಸಗಣಿಯಿಂದ ಸಾರಿಸಿದ್ದರು. ದಪ್ಪಗೆ. ಕಣ ಸಾರಿಸುವ ಹಾಗೆ. ಇನ್ನೂ ಹಸಿ. ಮೇಲೆ ರಂಗೋಲಿ. ಪಕ್ಕದಲ್ಲಿ ಸಣ್ಣತಾಯಮ್ಮ, ಆರತಿ ತಟ್ಟೆ ಹಿಡಿದು.

ನನ್ನ ದಪ್ಪ ಟಯರ್ ಹೇಗೋ ದಾಟಿತು. ಹಿಂದೆ ಸದ್ದು. ತಿರುಗಿದೆ. ಸಾರ್ ಬಿದ್ದಿದ್ದರು. ಅವರ ಮೇಲೆ ಮೂವರು. ಉಳಿದವರು ಜಾರಿ ಜಾರಿ ಗದ್ದಲ. ಬೇರೆಯವರಿಗೆಲ್ಲ ತರಚಿತು, ಅಷ್ಟೆ. ಸಾರ್ ಮಣಿಕಟ್ಟು ಮುರಿದಿತ್ತು.

"ಯಾರ್ರೀ ರೋಡಿಗೆ ಸಗಣಿ ಹಾಕಿದ್ದು?" ಸಾರ್ ಕೂಗಿದರು.

ಮೂಗಯ್ಯ ಅಂತ ಒಬ್ಬ ಮುದುಕ ಮೆಲ್ಲಗೆ ಅಂದ: "ಸಾರ್ಸಿರಾದು ಸಾಮಿ. ಹಾಕಾದು ಎಮ್ಮೆ."

ಅನು ಮೇಡಂಗೆ ನಗು ತಡೆಯಲಿಲ್ಲ. ಸಾರ್ ಮುಖ ಇನ್ನೂ ಕೆಂಪಾಯಿತು. "ಬುದ್ಧಿ ಇದೆಯೇನ್ರೀ ನಿಮಗೆ? ಯಾರ ತಲೆಗೆ ಬಂತು ಇದು?" ಸಣ್ಣತಾಯಮ್ಮ ಆರತಿ ತಟ್ಟೆ ಕೆಳಗಿಟ್ಟಿತು. ಅದು ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ...

"ನಾನೇ ಸಾರ್. ನೆಂಟ್ರು ಬತ್ತರೆ ಅಂತ ನಾನೇ ಹೇಳಿದ್ದು. ನೆಂಟ್ರಿಗೆ ಮಾಡೋದ ಮಾಡವ್ರೆ. ಅವ್ರ ಬಯ್ಬೇಡಿ."

ಇಷ್ಟು ಗಟ್ಟಿಯಾಗಿ. ನನ್ನ ದನಿ ಹಾಗಿದೆ ಅಂತ ಗೊತ್ತಿರಲಿಲ್ಲ.

ಸಾರ್ ನನ್ನ ಕಡೆ ತಿರುಗಿದರು. "ನಿನ್ನ ನಂಬಿ ಹದಿನೈದು ಜನರನ್ನ ಕರ್ಕೊಂಡು ಬಂದೆ. ನಾಳೆ ನೀನು ಬರೋದು ಬೇಡಮ್ಮ."

ತಪ್ಪು ಹೇಳಲಿಲ್ಲ. ಹಿಂದೆ ಬರುತ್ತಿದ್ದ ಸಾಮಾನಿನ ಜೀಪಲ್ಲಿ ಗುಂಡ್ಲುಪೇಟೆ ಆಸ್ಪತ್ರೆಗೆ ಹೋದರು. ಉಳಿದವರು ನಿನ್ನೆ ಬತ್ತೇರಿಗೆ ಹೋದರಂತೆ, ದೊಡ್ಡ ರಸ್ತೆಯಲ್ಲೇ. ಆವತ್ತು ನಾನು ಅಲ್ಲೇ ನಿಂತು ಅಜ್ಜಿಯ ಜೊತೆ ರೋಡು ತೊಳೆದೆ. ಅದು ಅಳುತ್ತಾ ತೊಳೆಯಿತು, ನಾನು ನೀರು ಹೊಯ್ದೆ.

ಡಿಸೆಂಬರ್ 24

ಅಂಗಡಿಗೆ ಬಂದವರೆಲ್ಲ ಕೇಳುವುದು ಅದೇ. "ಏನಮ್ಮಿ, ನಮ್ಮ ಬೀದಿನೂ ಸಾರುಸ್ತೀಯಾ?" ನಕ್ಕು ಹೋಗುತ್ತಾರೆ. ಮೊದಲಾದರೆ ಒಳಗೆ ಓಡುತ್ತಿದ್ದೆ. ಈಗ ಪಂಪ್ ಹೊಡೆಯುತ್ತಾ ಕೂತಿರುತ್ತೇನೆ.

ರಿಪೇರಿಗೆ ಬಂದ ಚಕ್ರ ತಿರುಗಿಸಿ ಬಿಡುತ್ತೇನೆ. ತಿರುಗುತ್ತದೆ, ತಿರುಗುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಹಿಡಿದು ನಿಲ್ಲಿಸುತ್ತೇನೆ. ಸಾರ್ ಕರೆಯಲ್ಲ. ಯಾರೂ ಕರೆಯಲ್ಲ. ಕರೆದರೇ ಹೋಗಬೇಕಾ?

ಡಿಸೆಂಬರ್ 26

ಊಟಕ್ಕೆ ಕೂತಾಗ ಹೇಳಿಬಿಟ್ಟೆ. "ನಾಳೆ ಕಾಡಿಗೆ ಓಯ್ತೀನಿ. ಒಬ್ಳೇ."

ಅವ್ವ ಸೌಟು ಕೆಳಗಿಟ್ಟಿತು. ಅಪ್ಪ ಮುದ್ದೆ ಮುರಿಯುತ್ತಲೇ ಇದ್ದ.

"ಎಲ್ಲಿಗಂಟ?"

"ಬತ್ತೇರಿ. ಆಗೋದಾದ್ರೆ ಅದರಾಚೆ."

"ಬತ್ತೇರಿ ಸಾಕು. ಸಂಜೆ ಬಸ್ಸಲ್ಲಿ ಸೈಕಲ್ ಮೇಲಾಕಂಡು ಬಂದ್ಬುಡು." ಮುದ್ದೆ ಸಾರಿಗೆ ಅದ್ದಿಕೊಂಡು: "ಅಲ್ಲಿ ಆನೆ ಲದ್ದಿ ಬಿದ್ದಿರ್ತದೆ. ನೆಂಟ್ರಿಗೆ ಅಂತ ತಿಳ್ಕಬೇಡ."

ಅವ್ವ ಕೂಡ ನಕ್ಕಿತು. ಆಮೇಲೆ ಇಬ್ಬರನ್ನೂ ಬೈಯಿತು.

ಡಿಸೆಂಬರ್ 27, ಬೆಳಿಗ್ಗೆ, ಮದ್ದೂರು ಗೇಟು

ಟೀ ಅಂಗಡಿ ಬೆಂಚಿನ ಮೇಲೆ. ಬೆರಳು ಮರಗಟ್ಟಿದೆ, ಅಕ್ಷರ ನೆಟ್ಟಗಿಲ್ಲ. ರಾತ್ರಿ ಕಾಡಿನ ರೋಡು ಮುಚ್ಚಿರುತ್ತೆ. ಲಾರಿಗಳು ಸಾಲಾಗಿ ನಿಂತಿವೆ. ಗೇಟಿನಾಚೆ ಮಂಜು. ಮರ ಕಾಣಲ್ಲ, ವಾಸನೆ ಬರುತ್ತೆ.

ಗೇಟು ಕಾಯುವ ರಾಚಯ್ಯ ತಡೆದ. "ಒಬ್ಳೇನಾ? ಬುಡಾಕಿಲ್ಲ. ಆನೆ ಮುಂದೆ ಬೆಲ್ ಒಡೀತೀಯಾ? ಯಾವ್ದಾರ ಗಾಡಿ ಜೊತೆಲಿ ಓಗು."

ಯಾವ ಗಾಡಿ? ಎಲ್ಲ ಹಾರಿ ಹೋಗುವಂಥವು. ಸಾಲಿನ ಉದ್ದಕ್ಕೂ ನಡೆದೆ. ಕೊನೆಯಲ್ಲಿ ಹುಲ್ಲಿನ ಲಾರಿ, ಎರಡು ಲಾರಿಯಷ್ಟು ಅಗಲ ಹೇರಿ, ಒಂದು ಕಡೆ ವಾಲಿಕೊಂಡು. ಮಲಯಾಳದ ಡ್ರೈವರ್ ಮುಖ ತೊಳೆಯುತ್ತಿದ್ದ. ವಾಪಸ್ ಬಂದೆ. ಟೀ ಕುಡಿದೆ. ಮತ್ತೆ ಹೋದೆ.

"ಅಣ್ಣಾ, ಬತ್ತೇರಿಗಂಟ ನಿಮ್ಮಿಂದೆ ಬತ್ತೀನಿ. ಮೆಲ್ಲುಗೆ ಓಯ್ತೀರಾ?"

ಸೈಕಲ್ ನೋಡಿದ. ಹುಲ್ಲು ನೋಡಿದ. "ಇದ್ ಮೆಲ್ಲೇನೆ ಪೋಗುಂ, ಮೋಳೇ. ಬೇರೆ ಗತಿ ಇಲ್ಲ." ನಕ್ಕ. ಮೋಳೇ ಅಂದರೆ ಮಗಳೇ ಅಂತೆ.

ರಾಚಯ್ಯ ಬೀಗದ ಕೈ ಹಿಡಿದು ಎದ್ದ. ಇಂಜಿನ್ನುಗಳು ಒಂದೊಂದಾಗಿ ಶುರುವಾದವು. ಬೆಂಚು ಅದುರುತ್ತಿದೆ. ಹುಲ್ಲಿನ ಲಾರಿ ಹಾರನ್ ಹೊಡೆಯಿತು, ನನಗೇ — ಕೈ ಹೊರಗೆ ಹಾಕಿ ಕರೀತಾ ಇದ್ದಾನೆ, ಪೆನ್ನು ಒಳಗಿಡಬೇಕು, ಹೊರಟೆ.