ನೀನು ನನಗೆ ಏನಾಗಬೇಕು ಅಂತ ಕೇಳಿದರು

ಮಾವಾ,

ನೀನು ಇದನ್ನು ಓದುವುದಿಲ್ಲ ಅಂತ ಗೊತ್ತು. ಇದ್ದಾಗಲೂ ನಾನು ಕಳಿಸಿದ ಮೆಸೇಜನ್ನು ನೀನು ಅಕ್ಕನ ಬಾಯಿಂದ ಓದಿಸಿಕೊಂಡವನೇ, ಮೋಟರಿಗೆ ತಂತಿ ಸುತ್ತುತ್ತಾ. ಆದರೂ ಬರೆಯುತ್ತಿದ್ದೇನೆ. ಹೊಟ್ಟೆಯಲ್ಲೇ ಇಟ್ಟುಕೊಂಡರೆ ಯಾರ ಮೇಲಾದರೂ ಕೈ ಮಾಡಿಬಿಡುತ್ತೇನೇನೋ.

ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಳಿಸಿಕೊಟ್ಟ ದಿನ ನೆನಪಿದೆಯೇ? ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಮುದುಕನಿಗೆ ನೀನು ಕೊಚ್ಚಿಕೊಳ್ಳುತ್ತಿದ್ದೆ: "ನಮ್ಮ ಹುಡುಗ ರೀ. ಮೀಸಲು ಪಡ್ಯಾಗ ಅದಾನ. ಕರದಾಗ ಮಿಲ್ಟ್ರಿ, ಉಳಿದಾಗ ಮಸ್ಕ್ಯಾಗ ನಮ್ಮ ಅಂಗಡ್ಯಾಗ ಮೋಟರ್ ವೈಂಡಿಂಗ್ ಮಾಡ್ತಾನ. ಈ ಸಲ ಎರಡು ವರ್ಷ ಗಡಿಗೆ ಕರದಾರ." ನನಗೆ ನಾಚಿಕೆಯಾಗಿ ಬಸ್ಸಿನ ಆ ಬದಿಗೆ ಹೋಗಿ ನಿಂತೆ. ನಿನ್ನನ್ನು ನೋಡಿದ್ದು ಅದೇ ಕೊನೆ. ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದರೆ ಏನಾಗುತ್ತಿತ್ತು?

ಅಕ್ಕನ ಮದುವೆಯ ದಿನವೂ ಹೀಗೇ ಓಡಿಹೋಗಿದ್ದೆ. ನನಗಾಗ ಹನ್ನೆರಡು. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಅವ್ವನನ್ನೂ ನೋಡಿಕೊಂಡವನು ಅವ್ವನ ತಮ್ಮನಾದ ನೀನು. ನಮ್ಮ ಕಡೆಯ ಪದ್ಧತಿಯಂತೆ ಅಕ್ಕನನ್ನು ನಿನಗೇ ಕೊಟ್ಟರು. ನೀನು ಇನ್ನು ಅಕ್ಕನವನಾದೆ, ನನ್ನವನಲ್ಲ ಅಂತ ನಾನು ಮುನಿಸಿಕೊಂಡು ಅಂಗಡಿಯ ಹಿಂದೆ ಕೂತಿದ್ದೆ. ಬಾಸಿಂಗ ಕಟ್ಟಿಕೊಂಡೇ ಹುಡುಕುತ್ತಾ ಬಂದೆಯಲ್ಲ! "ಇನ್ನ ಮ್ಯಾಲೆ ನಾ ನಿಮ್ಮ ಮನಿ ಅಳಿಯಾ ಅದೀನಿ. ರೀ ಹಚ್ಚಿ ಮಾತಾಡಬೇಕಲೇ," ಅಂದೆ. ನಾನು ಹಚ್ಚಲಿಲ್ಲ. ಈಗಲೂ ಹಚ್ಚಿಲ್ಲ ನೋಡು.

ಅಕ್ಕನ ಫೋನು ಬಂದಾಗ ನಾನು ಕಾವಲಿನಿಂದ ಇಳಿದು ಬೂಟು ಬಿಚ್ಚುತ್ತಿದ್ದೆ. "ನಿಮ್ಮ ಮಾವನ ಕಿಡ್ನಿ ಕೈಕೊಟ್ಟಾವಪಾ. ದವಾಖಾನ್ಯಾಗ ಅದಾರ. ನಿನ್ನ ನೋಡಬೇಕಂತ ಒಂದೇ ಹಟ," ಅಂದಳು. ವರ್ಷದ ರಜೆಗೆ ಇನ್ನೂ ನನ್ನ ಸರದಿ ಬಂದಿರಲಿಲ್ಲ. ತುರ್ತು ರಜೆಗೆ ಅರ್ಜಿ ಬರೆದೆ. ರೋಗಿ ಅರ್ಜಿದಾರನಿಗೆ ಏನಾಗಬೇಕು ಎಂಬಲ್ಲಿ, "ತಾಯಿಯ ತಮ್ಮ, ನನ್ನನ್ನು ಸಾಕಿದವನು" ಅಂತ ಹಾಕಿದೆ. ಅದು ನಿಜವೋ ಸುಳ್ಳೋ ಅಂತ ಊರಲ್ಲಿ ವಿಚಾರಿಸಲು ಕಾಗದ ಹೋಯಿತು. ಮನೆಗೆ ಬಂದವರು ಅಕ್ಕನನ್ನು ಕೇಳಿದರು. ಆಕೆ, "ನನ್ನ ಗಂಡ ರೀ," ಅಂದಳು. ಇನ್ನೇನು ಹೇಳಬೇಕಿತ್ತು ಆಕೆ? ನಾನು ಒಂದು ಬರೆದೆ, ಆಕೆ ಒಂದು ಹೇಳಿದಳು. ಎರಡನ್ನೂ ಕೂಡಿಸಿ ಹೇಳಬೇಕು ಅಂತ ನಮಗೆ ಇಬ್ಬರಿಗೂ ಹೊಳೆಯಲೇ ಇಲ್ಲ.

ಆಫೀಸಿನ ಕ್ಲಾರ್ಕ್ ಉತ್ತರ ಭಾರತದವನು, ಅವನ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದಿಲ್ಲ. ಎರಡು ಕಾಗದವನ್ನೂ ಮೇಜಿನ ಮೇಲಿಟ್ಟು ನಕ್ಕ. "ಮೊದಲು ತಾಯಿಯ ತಮ್ಮ. ಈಗ ಅಕ್ಕನ ಗಂಡ. ನಾಳೆ ನಿನ್ನ ಅಜ್ಜನೂ ಆಗುತ್ತಾನಾ?" ನಾನು ಅದೇ ಕಾಗದದ ಹಿಂದೆ ಚಿತ್ರ ಬರೆದು ತೋರಿಸಿದೆ. ಮೇಲೆ ಅಜ್ಜಿ, ಕೆಳಗೆ ಅವ್ವ ಮತ್ತು ನೀನು, ಅವ್ವನ ಕೆಳಗೆ ಅಕ್ಕ ಮತ್ತು ನಾನು, ನಿನ್ನಿಂದ ಅಕ್ಕನಿಗೆ ಒಂದು ಗೀಟು. ಅವನು ಹಾಳೆಯನ್ನು ಅಡ್ಡ ತಿರುಗಿಸಿದ, ಉದ್ದ ತಿರುಗಿಸಿದ. "ಇದೇನು ವೈರಿಂಗಾ?" ಅಂದ. ಮತ್ತೆ ಸ್ಪಷ್ಟನೆ ಕೇಳಿ ಕಡತ ವಾಪಸ್ ಹೋಯಿತು. ಅದಾದ ಐದನೇ ದಿನ ನೀನು ಹೋದೆ. ನಿನ್ನ ಮಣ್ಣಿಗೆ ನಾನು ಬರಲಿಲ್ಲ. ಅವತ್ತು ನಾನು ಏನು ಮಾಡುತ್ತಿದ್ದೆ ಗೊತ್ತೇ? ಸ್ಟೋರಿನಲ್ಲಿ ಕಂಬಳಿ ಎಣಿಸುತ್ತಿದ್ದೆ.

ವಾರದ ಮೇಲೆ ಸುಬೇದಾರರು ಕರೆದರು. ಒಳ್ಳೆಯ ಮನುಷ್ಯನೇ. ಮುಂದೆ ಒಂದು ಹಾಳೆ ಇಟ್ಟರು. ರಜೆಯ ಆಸೆಗೆ ಸಂಬಂಧವನ್ನು ಸುಳ್ಳು ಬರೆದೆ, ಕ್ಷಮಿಸಬೇಕು ಅಂತ ಅದರಲ್ಲಿತ್ತು. "ಸಹಿ ಮಾಡಿಬಿಡು ಮಗಾ, ಮುಗಿದುಹೋಗುತ್ತೆ. ಹೋದವನು ಹೋದ." ಸಹಿ ಮಾಡಿದರೆ ನೀನು ನನ್ನ ಮಾವನೇ ಅಲ್ಲ ಅಂದಂತಲ್ಲವೇ? ಪೆನ್ನನ್ನು ಮೇಜಿನ ಮೇಲಿಟ್ಟು ಸೆಲ್ಯೂಟ್ ಹೊಡೆದು ಹೊರಗೆ ಬಂದೆ. ಬಡ್ತಿ ಪಟ್ಟಿಯಿಂದ ನನ್ನ ಹೆಸರು ತೆಗೆದರು. ತೆಗೆಯಲಿ.

ಅಕ್ಕನಿಗೆ ಇದನ್ನು ಹೇಳಬಾರದಿತ್ತು, ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. "ನನ್ನ ಗಂಡ ನಿನಗ ಏನಾಗಬೇಕಂತ ಅವರು ಹೇಳ್ತಾರೇನು? ನೀ ತಡಿ," ಅಂದಳು. ಮರುದಿನವೇ ವಂಶವೃಕ್ಷದ ಪ್ರಮಾಣಪತ್ರ ಮಾಡಿಸಲು ತಹಶೀಲ್ದಾರ್ ಕಚೇರಿಗೆ ಹೊರಟಳು. ಅಲ್ಲಿನ ಸಾಹೇಬರು ಒಂದೇ ಸಲ ನೋಡಿ, "ಸ್ವಾದರಮಾವಗ ಕೊಟ್ಟಾರೇನಬೇ ನಿನ್ನ? ನಮ್ಮ ಮನ್ಯಾಗೂ ಹಂಗ ಐತಿ," ಅಂದರಂತೆ. ಅಷ್ಟು ದಿನ ಯಾರ ತಲೆಗೂ ಹೋಗದ್ದು ಅಲ್ಲಿ ಒಂದು ಮಾತಿಗೆ ಮುಗಿಯಿತು. ಆ ಪ್ರಮಾಣಪತ್ರವನ್ನು ನಾನು ಮೇಲಿನವರಿಗೆ ಕಳಿಸಿದೆ. ಮೂರು ಸಲ ಕಳಿಸಿದೆ ಮಾವ. ಪ್ರತಿ ಸಲವೂ "ತಾಯಿಯ ತಮ್ಮ, ಅಕ್ಕನ ಗಂಡ, ಎರಡೂ" ಅಂತ ಬರೆದೇ ಕಳಿಸಿದೆ.

ಇವತ್ತು ಬೆಳಿಗ್ಗೆ ಕ್ಯಾಪ್ಟನ್ ಸಾಹೇಬರ ಮುಂದೆ ನಿಲ್ಲಿಸಿದರು. ನಿನಗೆ ಹೇಳಬೇಕಾದ ಸುದ್ದಿ ಇದೇ: ನಮ್ಮ ಸಂಬಂಧವನ್ನು ಒಪ್ಪಿದ್ದಾರೆ. ಏಳು ತಿಂಗಳಾದ ಮೇಲೆ. ಅಷ್ಟೇ ಅಲ್ಲ, ಅವತ್ತು ಕೇಳಿದ ಹತ್ತು ದಿನದ ರಜೆಯೂ ಮಂಜೂರಾಗಿದೆ. ಕಾರಣ: ಅಸ್ವಸ್ಥ ಮಾವನ ಆರೈಕೆ. ಕ್ಲಾರ್ಕ್ ಬೆರಳಿಟ್ಟು ಸಹಿಯ ಜಾಗ ತೋರಿಸಿದ.

"ಇದು ಸುಳ್ಳು, ಸರ್," ಅಂದೆ. ಕಾರಣದ ಮೇಲೆ ಗೀಟು ಹೊಡೆದು ನನ್ನ ಕೈಯಿಂದಲೇ ಬರೆದೆ: "ಮಾವ ತೀರಿಕೊಂಡಿದ್ದಾನೆ. ನಾನು ಕೇಳಿದಾಗ ಬದುಕಿದ್ದ." ಅದರ ಕೆಳಗೆ ಸಹಿ ಮಾಡಿದೆ. ಕ್ಯಾಪ್ಟನ್ ಸಾಹೇಬರು ಬಹಳ ಹೊತ್ತು ಓದಿದರು. ಆಮೇಲೆ ನನ್ನ ಮುಖ ನೋಡದೆ ಮೊಹರು ಒತ್ತಿದರು.

ನಾಳೆ ಹೊರಡುತ್ತೇನೆ. ಹತ್ತು ದಿನ ಇದೆ ಮಾವ, ನಿನಗಾಗಿಯೇ ಕೊಟ್ಟದ್ದು.

ನಿನ್ನ ಅಳಿಯ, ನಿನ್ನ ಹೆಂಡತಿಯ ತಮ್ಮ