ಬಲತುದಿಯ ಒಂಟಿ ಚುಕ್ಕೆ

ಹೆಲೆನಾ, ಮೊಂಟಾನಾ
ಫೆಬ್ರವರಿ ೧೦, ಸೋಮವಾರ

ಪ್ರೀತಿಯ ಐನಾರ್,

ಬೆರಳು ಹೇಗಿದೆ? ಬಲೆಯ ಹಗ್ಗಕ್ಕೆ ಸಿಕ್ಕಿ ಉಗುರು ಕಿತ್ತುಹೋಯಿತೆಂದು ನೀನು ಬರೆದಿದ್ದೆ. ಮುಲಾಮು ಹಚ್ಚಿದೆಯೋ, ಸಮುದ್ರದ ಉಪ್ಪೇ ಸಾಕೆಂದು ಸುಮ್ಮನಿದ್ದೀಯೋ? ಕಣ್ಣುರಿಯೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಅಲಾಸ್ಕಾದಲ್ಲಿ ಮೀನಿನ ಜೊತೆ ನೆಮ್ಮದಿಯಾಗಿರುವವನಿಗೆ, ಇಲ್ಲಿ ಆರೋಗ್ಯ ಇಲಾಖೆಯಲ್ಲಿ ಚುಕ್ಕೆ ಇಡುವವಳ ಪಾಡು ಏನು ಗೊತ್ತು!

ಕೆಲಸ ಕೇಳಲು ಸುಲಭ. ಕಂಪ್ಯೂಟರ್ ಪರದೆಯ ಮೇಲೆ ರಾಜ್ಯದ ಒಂದೊಂದು ಕೌಂಟಿಗೂ ಒಂದೊಂದು ಚುಕ್ಕೆ. ಹೆರಿಗೆ ಆಸ್ಪತ್ರೆ ದೂರವಾದಷ್ಟೂ ಚುಕ್ಕೆ ಬಲಕ್ಕೆ, ಹಸುಗೂಸುಗಳ ಸಾವಿನ ಪ್ರಮಾಣ ಹೆಚ್ಚಿದಷ್ಟೂ ಮೇಲಕ್ಕೆ. ಮುಟ್ಟಿದರೆ ಕೌಂಟಿಯ ಹೆಸರು ಮೂಡಬೇಕು. ದೂರದ ಬದಲು ಬಡತನವನ್ನು ಆರಿಸಿದರೆ ಚುಕ್ಕೆಗಳೆಲ್ಲ ಹೊಸ ಜಾಗಕ್ಕೆ ಸರಿಯಬೇಕು. ಸರಿಯುತ್ತವೆ ಮಹಾರಾಯ, ಹೆಸರುಗಳನ್ನು ಹಳೆಯ ಜಾಗದಲ್ಲೇ ಬಿಟ್ಟು! ಅದನ್ನು ಸರಿಮಾಡುವಷ್ಟರಲ್ಲಿ ವಾರ ಕಳೆಯಿತು. ಶಾಸಕ ಪ್ರೂಯಿಟ್ ನೋಡಲು ಬಂದ; ಡೋನಟ್‌ನ ಸಕ್ಕರೆ ಮೆತ್ತಿದ ಬೆರಳಿನಿಂದ ಪರದೆಯನ್ನು ಉಜ್ಜುತ್ತ, "ನಮ್ಮ ಕೌಂಟಿನ ಸ್ವಲ್ಪ ಕೆಳಗೆ ಎಳಿಯಮ್ಮ, ಮುಂದೆ ಎಲೆಕ್ಷನ್ ಇದೆ" ಅಂದ. "ಆಸ್ಪತ್ರೆ ಕಟ್ಟಿಸಿ ಸಾರ್, ತಾನಾಗೇ ಇಳಿಯುತ್ತೆ" ಅಂದೆ. ಹೊಟ್ಟೆ ಕುಲುಕಿಸಿ ನಕ್ಕು ಇನ್ನೊಂದು ಡೋನಟ್ ಎತ್ತಿಕೊಂಡ.

ಅವನು ಹೋದ ಮೇಲೆ ನನ್ನ ಮೇಲಧಿಕಾರಿ ಲೊರೇನ್ ಬಲತುದಿಗೆ ಬೊಟ್ಟು ಮಾಡಿ, "ಮಾರ್ಲಿಸ್, ಅದ್ಯಾವುದೇ ಅಷ್ಟು ಮೇಲೆ ಒಂದೇ ನಿಂತಿರೋದು? ಏನೋ ತಪ್ಪಾಗಿದೆ, ತೆಗಿ" ಅಂದಳು. ತಪ್ಪಲ್ಲ, ಅದು ನಮ್ಮೂರಿನ ಕೌಂಟಿ. ಲೆಕ್ಕಕ್ಕೆ ತೆಗೆದುಕೊಂಡ ವರ್ಷ ಅಲ್ಲಿ ಹುಟ್ಟಿದ್ದೇ ಬೆರಳೆಣಿಕೆಯ ಮಕ್ಕಳು, ಸತ್ತದ್ದು ಒಂದು. ನಮ್ಮ ಇಂಗ್ರಿಡ್. ಹಾಗೆಂದು ಹೇಳಿದೆ. ಲೊರೇನ್ ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟಳು. "ಅಯ್ಯೋ ಪುಟ್ಟಾ, ಮೊದಲೇ ಹೇಳಬಾರದಿತ್ತಾ?" ಆಮೇಲೆ ಮೆತ್ತಗೆ ನಿಯಮ ತೆಗೆದಳು: ಇಷ್ಟು ಸಣ್ಣ ಸಂಖ್ಯೆಯನ್ನು ಬಚ್ಚಿಡಬೇಕು, ಇಲ್ಲದಿದ್ದರೆ ಯಾರ ಮನೆಯ ಮಗುವೆಂದು ಊರಿಗೆಲ್ಲ ತಿಳಿಯುತ್ತದೆ. ಹೆತ್ತವರಿಬ್ಬರೂ ಒಪ್ಪಿದರೆ ಮಾತ್ರ ತೋರಿಸಬಹುದು.

ಒಂದು ಮಗುವಿನಿಂದ ಏನೂ ಸಾಬೀತಾಗದೆಂದು ನನಗೂ ಗೊತ್ತು. ಬೇರೆಯವರ ಚುಕ್ಕೆಯಾಗಿದ್ದರೆ ಆ ಮಾತು ನಾನೇ ಹೇಳುತ್ತಿದ್ದೆ. ಆದರೆ ನಮ್ಮೂರಿನಲ್ಲಿ ಮುಚ್ಚಿದ ಹೆರಿಗೆ ವಾರ್ಡನ್ನು ಮತ್ತೆ ತೆರೆಯಬೇಕೋ ಬೇಡವೋ ಎಂದು ಶಾಸಕರ ಸಮಿತಿ ಮಾರ್ಚ್ ಕೊನೆಗೆ ನಿರ್ಧರಿಸುತ್ತದೆ. ಆ ಮೂಲೆ ಖಾಲಿಯಿದ್ದರೆ ಅಲ್ಲಿಯ ಹೆಂಗಸರು ಹಿಮದ ರಸ್ತೆಯಲ್ಲಿ ಎಷ್ಟು ದೂರ ಹೋಗುತ್ತಾರೆಂದು ಪ್ರೂಯಿಟ್‌ನಂಥವರು ಕೇಳುವುದೂ ಇಲ್ಲ. ಚುಕ್ಕೆ ತೋರಿಸಲು ನಾನು ಒಪ್ಪಿದ್ದೇನೆ.

ನಿನ್ನ ಮೇಲೆ ಸಿಟ್ಟಿದೆ, ಸುಳ್ಳೇಕೆ ಹೇಳಲಿ. ನಿನ್ನ ಕಾಗದದಲ್ಲಿ ಗಾಳಿಯಿದೆ, ಅಡುಗೆಯವನ ಕೆಟ್ಟ ಸೂಪ್ ಇದೆ, ಉಗುರಿದೆ. ಮಗಳಿಲ್ಲ. ನನ್ನ ಮುಖ ನೋಡಲಾಗದೆ ಅಷ್ಟು ದೂರ ಹೋದೆಯೆಂದು ಗೊತ್ತು. ಗೊತ್ತಿದ್ದರೂ ಸಿಟ್ಟು ಇಳಿದಿಲ್ಲ.

ಕೈಗವಸು ಮರೆಯಬೇಡ. ನಿನ್ನಮ್ಮ ಉಣ್ಣೆಯ ಕಾಲುಚೀಲ ಹೆಣೆದಿದ್ದಾರೆ, ಜೊತೆಗಿಟ್ಟಿದ್ದೇನೆ. ಸಮುದ್ರ ನಿನ್ನನ್ನು ಕ್ಷೇಮವಾಗಿಟ್ಟಿರಲಿ.

ನಿನ್ನ
ಮಾರ್ಲಿಸ್

ತಾ.ಕ.: ದೋಣಿ ದಡ ಸೇರಿದ ಕೂಡಲೇ ಫೋನ್ ಮಾಡು, ನಿನ್ನ ಒಪ್ಪಿಗೆಗೆ ಬಾಯಿಮಾತು ಸಾಕಂತೆ. ಬೇಡವೆಂದರೆ ಚುಕ್ಕೆ ತೆಗೆದುಬಿಡುತ್ತೇನೆ, ಜಗಳವಾಡುವುದಿಲ್ಲ. ಆದರೆ ಬೇಕಾದರೂ ಬೇಡವಾದರೂ ಅವಳ ಹೆಸರು ಹಿಡಿದು ಹೇಳು. ಮಣ್ಣು ಮಾಡಿದ ದಿನದಿಂದ ನಿನ್ನ ಬಾಯಲ್ಲಿ ನಾನದನ್ನು ಕೇಳಿಲ್ಲ.